ಓಮ್ ಮೇಷ್ಟರೂ ಕಿರ್ಚಾಫ್ ಎಂಬ ವಿದ್ಯಾರ್ಥಿಯೂ
ವಿದ್ಯುತ್ಪ್ರವಾಹದ ನಿಯಮವನ್ನು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಓಮ್, ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯರಾಗಿದ್ದವರು; ನಮ್ಮ ಕುಲದವರೇ! ತಾಯ್ನಾಡಿನಲ್ಲಿ ಅವರಿಗೆ ಒಡನೆಯೇ ಆದರ ದೊರೆಯಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂದದ್ದು 1841ರಲ್ಲಿ.

ಕವಲೊಡೆದ ಮಂಡಲಗಳಿಗೆ ಸಾರ್ವತ್ರಿಕ ನಿಯಮವಿತ್ತವನು, 1845ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಓದುತ್ತಿದ್ದ 21ರ ಹರೆಯದ ಕಿರ್ಚಾಫ್. ಸಂಧಿಗೆ ಬಂದಷ್ಟೇ ಪ್ರವಾಹ ಅಲ್ಲಿಂದ ಹೊರಡಬೇಕು. ಒಂದು ಸುತ್ತು ಬಂದರೆ ವೋಲ್ಟುಗಳ ಜಮಾಖರ್ಚು ಸರಿಹೋಗಬೇಕು.

ಕರಿಹಲಗೆಯ ಲೆಕ್ಕ ನಿಮಗೆ ನೆನಪಿರಬಹುದು: 12 ವೋಲ್ಟಿನ ಬ್ಯಾಟರಿ, ಸರಣಿಯಲ್ಲಿ 4 ಓಮ್, ಅದರಾಚೆ ಸಮಾಂತರವಾಗಿ 6 ಮತ್ತು 3. ಆ ಜೋಡಿ 2 ಓಮಿಗೆ ಸಮ. ಒಟ್ಟು ರೋಧ 6, ಪ್ರವಾಹ 2 ಆಂಪಿಯರ್. 4 ಓಮಿನ ರೋಧಕಕ್ಕೆ 8 ವೋಲ್ಟ್, ಕವಲುಗಳೆರಡಕ್ಕೂ 4 ವೋಲ್ಟ್. 'ಆರಕ್ಕೆ ಹೆಚ್ಚಲ್ಲವೇ ಸಾರ್?' ಎನ್ನುವವರು ಪ್ರತಿವರ್ಷವೂ ಇರುತ್ತಿದ್ದರು. ಎರಡರ ತುದಿಗಳೂ ಅವೇ ಎರಡು ಬಿಂದುಗಳಿಗೆ ಸೇರಿವೆಯಲ್ಲ!