ನವಲಗುಂದದ ಜಮಖಾನೆ: ಸೊಸೆಯಂದಿರು ಉಳಿಸಿದ ನೇಯ್ಗೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಮದುವೆಯ ಮಾತುಕತೆಯಿರಲಿ, ಭಜನೆಯಿರಲಿ, ಬಂದವರಿಗೆ ಮೊದಲು ಹಾಸುವುದು ಜಮಖಾನೆ. ಯಾದಗಿರಿ, ಕಲಬುರ್ಗಿಯಿಂದ ಧಾರವಾಡದವರೆಗೆ ಈ ಹಾಸನ್ನು ಅರಿಯದ ಮನೆಯಿಲ್ಲ. ನಗರಗಳ ವಸ್ತ್ರವಿನ್ಯಾಸಕರ ಮಳಿಗೆಗಳಲ್ಲಿ ಈಗ ಚಿತ್ತಾರದ ಹಾಸುಗಳಿಗೆ ಬೇಡಿಕೆ ಹೆಚ್ಚಿದೆ. ಆದರೆ ಅಂಥ ಚಿತ್ತಾರಕ್ಕೆ ಶತಮಾನಗಳಿಂದ ಹೆಸರಾದ ನವಲಗುಂದದಲ್ಲಿ ಮಗ್ಗಗಳ ಸಂಖ್ಯೆ ಇಳಿಯುತ್ತ ಬಂದಿದೆ.

ಹಿನ್ನೆಲೆ

ನವಲಗುಂದ ಧಾರವಾಡ ಜಿಲ್ಲೆಯ ತಾಲ್ಲೂಕು ಕೇಂದ್ರ. ಹುಬ್ಬಳ್ಳಿ–ವಿಜಯಪುರ ಮಾರ್ಗದಲ್ಲಿರುವ ಈ ಊರು 1980ರ ರೈತ ಬಂಡಾಯದಿಂದ ನಾಡಿಗೆಲ್ಲ ಪರಿಚಿತ. ಹತ್ತಿ ಬೆಳೆಯುವ ಎರೆಭೂಮಿಯ ನಡುವಿನ ಈ ಪಟ್ಟಣಕ್ಕೆ ಜಮಖಾನೆ ನೇಯ್ಗೆ ಬಂದದ್ದು ವಿಜಾಪುರದಿಂದ ಎಂಬುದು ಪ್ರತೀತಿ. ಆದಿಲಶಾಹಿ ಹಾಗೂ ವಿಜಯನಗರದ ನಡುವಣ ಕದನಗಳ ಕಾಲದಲ್ಲಿ, ಅಂದರೆ 16ನೇ ಶತಮಾನದಲ್ಲಿ, ನೇಕಾರ ಕುಟುಂಬಗಳು ವಲಸೆ ಬಂದು ಇಲ್ಲಿ ನೆಲೆಸಿದವು ಎನ್ನಲಾಗುತ್ತದೆ.

ನೇಯ್ಗೆಯ ವಿಧಾನ

ಸೀರೆಯ ಮಗ್ಗದಂತೆ ಇದು ಅಡ್ಡಲಾಗಿ ಇರುವುದಿಲ್ಲ. ಮನೆಯ ಒಳಾಂಗಣದಲ್ಲಿ ನೆಟ್ಟಗೆ ನಿಲ್ಲಿಸಿದ ಮರದ ಚೌಕಟ್ಟಿಗೆ ಹತ್ತಿಯ ಹಾಸುನೂಲನ್ನು ಬಿಗಿಯಲಾಗುತ್ತದೆ. ಲಾಳಿಯಿಲ್ಲ. ಬಣ್ಣದ ಹೊಕ್ಕುನೂಲನ್ನು ನೇಕಾರ್ತಿಯರು ಬೆರಳುಗಳಿಂದಲೇ ಸೇರಿಸಿ, ‘ಪಂಜಾ’ ಎಂಬ ಹಲ್ಲುಳ್ಳ ಸಾಧನದಿಂದ ಬಡಿದು ಕೂರಿಸುತ್ತಾರೆ. ಹೊಕ್ಕು ಒತ್ತಾಗಿ ಕೂರುವುದರಿಂದ ಹಾಸುನೂಲು ಮರೆಯಾಗುತ್ತದೆ. ಪರ್ಷಿಯಾದ ರತ್ನಗಂಬಳಿಯಂತೆ ಇಲ್ಲಿ ಗಂಟುಗಳಾಗಲಿ, ಜುಂಗಾಗಲಿ ಇಲ್ಲ. ಚಿತ್ತಾರ ಎರಡೂ ಮಗ್ಗುಲಲ್ಲಿ ಒಂದೇ ರೀತಿ ಮೂಡುತ್ತದೆ.

ನೂಲಿನ ಲೆಕ್ಕಕ್ಕೆ ಕಟ್ಟುಬಿದ್ದ ನೇಯ್ಗೆಯಾದ್ದರಿಂದ ಬಾಗಿದ ಗೆರೆಯೂ ಮೆಟ್ಟಿಲುಮೆಟ್ಟಿಲಾಗಿಯೇ ಏರಬೇಕು. ನವಲಗುಂದದ ನವಿಲಿಗೆ ಕೋನಗಳುಳ್ಳ ಆಕಾರ ಬಂದಿರುವುದು ಹೀಗೆ. ನವಿಲಿನಷ್ಟೇ ಪ್ರಸಿದ್ಧವಾದುದು ಪಗಡೆಯ ಹಾಸಿನ ಮಾದರಿ. ಕೆಂಪು, ಹಳದಿ, ಹಸಿರು, ನೀಲಿ, ಕಪ್ಪು ಮುಂತಾದ ಗಾಢ ಬಣ್ಣಗಳು ಇದರ ವೈಶಿಷ್ಟ್ಯ. ಜಮಖಾನೆಯ ಜೊತೆಗೆ ನಮಾಜಿನ ಹಾಸುಗಳನ್ನೂ ನೇಯಲಾಗುತ್ತದೆ.

ಮನೆಯೊಳಗಿನ ಗುಟ್ಟು

ಈ ಕಸುಬು ನಡೆದು ಬಂದಿರುವುದು ಮುಸ್ಲಿಂ ಮಹಿಳೆಯರ ಕೈಯಲ್ಲಿ. ಮಗಳಿಗೆ ಕಲಿಸಿದರೆ ಆಕೆಯ ಮದುವೆಯೊಂದಿಗೆ ವಿದ್ಯೆಯೂ ಬೇರೆ ಮನೆ ಸೇರುತ್ತದೆಂದು ಸೊಸೆಗೆ ಮಾತ್ರ ಕಲಿಸುವ ರೂಢಿ ಬೆಳೆದಿತ್ತು. ಊರಿನ ಕಲೆ ಊರಿನಲ್ಲೇ ಉಳಿದದ್ದು ಈ ಕಟ್ಟಳೆಯಿಂದ. ಕಲಿಯುವವರ ಸಂಖ್ಯೆ ಹಿಗ್ಗದೇ ಹೋದುದಕ್ಕೂ ಅದೇ ಕಾರಣ. ದಿನಗಟ್ಟಲೆ ಮಗ್ಗದ ಮುಂದೆ ಕುಳಿತರೂ ಕೈಗೆ ಬರುವ ಕೂಲಿ ಅಲ್ಪವಾದಾಗ, ಸೊಸೆಯಂದಿರೂ ಬೇರೆ ಕೆಲಸದತ್ತ ಮುಖ ಮಾಡುವುದು ಸಹಜ.

ಹೆಸರಿಗೆ ರಕ್ಷಣೆ

1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯಡಿ ‘ನವಲಗುಂದ ಜಮಖಾನೆ’ ನೋಂದಣಿಯಾಗಿದೆ. ಇಳಕಲ್ ಸೀರೆ, ಕಸೂತಿ, ಮೊಳಕಾಲ್ಮೂರು ಸೀರೆಗಳಿಗೂ ಇದೇ ಮಾನ್ಯತೆಯಿದೆ. ಬೇರೆಡೆ ತಯಾರಾದ ಹಾಸನ್ನು ಈ ಹೆಸರಿನಲ್ಲಿ ಮಾರುವುದನ್ನು ಕಾಯ್ದೆ ತಡೆಯಬಲ್ಲದು. ಆದರೆ ವಿದ್ಯುತ್ ಮಗ್ಗದ ಅಗ್ಗದ ಹಾಸನ್ನೇ ಗ್ರಾಹಕ ಆರಿಸಿಕೊಂಡರೆ ತಡೆಯಲು ಅದಕ್ಕೆ ಸಾಧ್ಯವಿಲ್ಲ.

ಕೊಳ್ಳುವವರು ಹಾಸನ್ನು ಮಗುಚಿ ನೋಡುವುದು ಒಳಿತು. ಮುದ್ರಿಸಿದ ಚಿತ್ತಾರ ಹಿಂಬದಿಯಲ್ಲಿ ಮಸುಕಾಗಿರುತ್ತದೆ. ಕೈನೇಯ್ಗೆಯ ಜಮಖಾನೆಗೆ ಹಿಂಬದಿ ಎಂಬುದೇ ಇಲ್ಲ. ಅದರ ಬೆಲೆ ಹೆಚ್ಚೆನಿಸಿದರೆ, ನೂಲು ನೂಲಾಗಿ ಬೆರಳಿನಿಂದ ಕೂರಿಸಿದ ದಿನಗಳ ಲೆಕ್ಕವೂ ಅದರಲ್ಲಿದೆ ಎಂಬುದನ್ನು ನೆನೆಯಬೇಕು. ಆ ಲೆಕ್ಕಕ್ಕೆ ತಕ್ಕ ಬೆಲೆ ಮಗ್ಗದ ಮುಂದೆ ಕುಳಿತವರಿಗೆ ತಲುಪಿದರಷ್ಟೇ ಮುಂದಿನ ಸೊಸೆ ಪಂಜಾ ಹಿಡಿದಾಳು.