ಲಾಗಿನ್‌ಗೆ ಮೊದಲೇ ನಿಲ್ಲುವ ಲಿನಕ್ಸ್

ಬೆಂಗಳೂರಿನ ಕೆಂಗೇರಿ, ಮಲ್ಲತ್ತಹಳ್ಳಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಪಕ್ಕದಲ್ಲೇ ಉಬುಂಟು ಇರುವುದು ಈಗ ಮಾಮೂಲು. ಒಂದು ದಿನ ಅದು ಲಾಗಿನ್ ತನಕ ಬರದೆ ನಿಂತರೆ ಬಹಳಷ್ಟು ಮಂದಿ ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡುತ್ತಾರೆ. ತಾನು ಎಲ್ಲಿ ನಿಂತೆ ಎಂದು ಹೇಳುವುದನ್ನು ಲಿನಕ್ಸ್ ಮೂವತ್ತು ವರ್ಷಗಳಿಂದ ಕಲಿಯುತ್ತಲೇ ಬಂದಿದೆ. ಅದನ್ನು ಓದುವ ರೂಢಿ ಮಾತ್ರ ನಮ್ಮಲ್ಲಿ ಕಡಿಮೆಯಾಗುತ್ತಿದೆ.

ನಮ್ಮಲ್ಲಿ ಅನೇಕರ ಮನೆಗೆ ಲಿನಕ್ಸ್ ಬಂದದ್ದು ಪತ್ರಿಕೆಯ ಜೊತೆಗಿನ ಸಿ.ಡಿ.ಯಲ್ಲಿ. ಪಿಸಿಕ್ವೆಸ್ಟ್ 1996ರಲ್ಲಿ ಅದನ್ನು ಹಂಚತೊಡಗಿತು. ಆ ಕೆಲಸದ ಹಿಂದಿದ್ದ ಅತುಲ್ ಚಿಟ್ನಿಸ್ ಬೆಂಗಳೂರಿನಲ್ಲಿದ್ದವರು. ಆಗ ಬೂಟ್ ಮಾಡಿಸುತ್ತಿದ್ದುದು ಲಿಲೊ. ಅದು ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹಂತ ದಾಟಿದಂತೆಲ್ಲ ಒಂದೊಂದಾಗಿ ಪರದೆಯ ಮೇಲೆ ಮೂಡಿಸುತ್ತಿತ್ತು. 'ಎಲ್' ಒಂದೇ ಬಂದು ನಿಂತರೆ ಎರಡನೇ ಹಂತವನ್ನು ಡಿಸ್ಕ್‌ನಿಂದ ಓದಲಾಗಿಲ್ಲ. 'ಎಲ್ ಐ' ಆದರೆ ಓದಿಯಾಯಿತು, ಓಡಿಸಲಾಗಲಿಲ್ಲ. 'ಎಲ್ ಐ ಎಲ್' ಆದರೆ ಮ್ಯಾಪ್ ಫೈಲಿನಲ್ಲಿ ತೊಂದರೆ. ಲಿಲೊಗೆ ಫೈಲ್ ಸಿಸ್ಟಮ್ ಗೊತ್ತಿರಲಿಲ್ಲ. ಕರ್ನಲ್ ಕೂತಿರುವ ಸೆಕ್ಟರ್‌ಗಳ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತಿತ್ತು. ಹಳೆಯ ಕರ್ನಲ್ ಜಾಗಕ್ಕೆ ಹೊಸದನ್ನು ಹಾಕಿ ಲಿಲೊ ಆಜ್ಞೆಯನ್ನು ಮತ್ತೆ ಕೊಡಲು ಮರೆತರೆ ಯಂತ್ರ ಏಳದೇ ಹೋಗಬಹುದಿತ್ತು. ಮುಂದೆ ಬಂದ ಗ್ರಬ್ ಫೈಲ್ ಸಿಸ್ಟಮನ್ನೇ ಓದಬಲ್ಲದು. ಅದರ ಎರಡನೇ ಪೀಳಿಗೆ ತನ್ನ ಭಾಗಗಳು ಸಿಗದಿದ್ದಾಗಲೂ 'ಗ್ರಬ್ ರೆಸ್ಕ್ಯೂ' ಎಂಬ ಪ್ರಾಂಪ್ಟ್ ಕೊಡುತ್ತದೆ. ಆದರೂ ನಾಲ್ಕೇ ಅಕ್ಷರಗಳಲ್ಲಿ ಅಷ್ಟು ತಿಳಿಸಿದ ಲಿಲೊ ಬಗ್ಗೆ ನನಗೆ ಈಗಲೂ ಗೌರವವಿದೆ.

ನಂತರದ ಶತ್ರು ಕರೆಂಟು. ಇಎಕ್ಸ್‌ಟಿ2 ಫೈಲ್ ಸಿಸ್ಟಮ್ ಕಾಲದಲ್ಲಿ ಕೆಲಸದ ನಡುವೆ ವಿದ್ಯುತ್ ಹೋದರೆ ಮುಂದಿನ ಬೂಟ್‌ನಲ್ಲಿ ಎಫ್‌ಎಸ್‌ಸಿಕೆ ಎಂಬ ತಪಾಸಣಾ ಪ್ರೋಗ್ರಾಂ ಇಡೀ ಡಿಸ್ಕ್ ತಡಕಾಡುತ್ತಿತ್ತು. ತಾನಾಗಿ ಸರಿಪಡಿಸಲು ಆಗದಿದ್ದರೆ ರೂಟ್ ಪಾಸ್‌ವರ್ಡ್ ಕೇಳಿ ಅಲ್ಲೇ ಕೂರುತ್ತಿತ್ತು. ಜರ್ನಲ್ ಇಡುವ ಇಎಕ್ಸ್‌ಟಿ3 2001ರಲ್ಲಿ ಮುಖ್ಯ ಕರ್ನಲ್‌ಗೆ ಸೇರಿದ ಮೇಲೆ ಆ ಕಾಟ ಬಹುಮಟ್ಟಿಗೆ ತಗ್ಗಿತು.

ಮುಂದೆ ಡಿಸ್ಕ್‌ಗಳ ಹೆಸರೇ ಎಚ್‌ಡಿಎಯಿಂದ ಎಸ್‌ಡಿಎಗೆ ಬದಲಾಯಿತು. ಹಳೆಯ ಹೆಸರು ನಂಬಿದ್ದ ವ್ಯವಸ್ಥೆಗೆ ರೂಟ್ ಸಿಗದೆ ಕರ್ನಲ್ ಪ್ಯಾನಿಕ್, ಇಲ್ಲವೇ ಇನಿಟ್‌ರಾಮ್‌ಎಫ್‌ಎಸ್‌ನ ಬಿಜಿಬಾಕ್ಸ್ ಪ್ರಾಂಪ್ಟ್. ಹೆಸರಿನ ಬದಲು ಪಾರ್ಟಿಷನ್ನಿನ ಸ್ವಂತ ಗುರುತಾದ ಯುಯುಐಡಿ ಬಳಕೆ ಹಬ್ಬಿದ ಮೇಲೆ ಅದು ಹತೋಟಿಗೆ ಬಂತು.

ಕರ್ನಲ್ ಎದ್ದ ಮೇಲಿನ ಬೂಟ್ ಕೆಲಸ ನೋಡಿಕೊಳ್ಳುವ, 2010ರಲ್ಲಿ ಹುಟ್ಟಿದ ಸಿಸ್ಟಮ್‌ಡಿಯಿಂದ ಚಿತ್ರವೇ ಬದಲಾಯಿತು. ಇಂದು ತೀರಾ ಸಾಮಾನ್ಯವಾದ ಪ್ರಕರಣ ನೋಡಿ: ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಒಂದು ಸಾಲು ಸೇರಿಸಿರುತ್ತಾರೆ, ಡಿಸ್ಕ್ ಕಿತ್ತು ಬೂಟ್ ಮಾಡುತ್ತಾರೆ. ಸಿಸ್ಟಮ್‌ಡಿ ಅದಕ್ಕಾಗಿ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ. ಉಬುಂಟುವಿನಲ್ಲಿ ರೂಟ್ ಖಾತೆ ಮೊದಲಿನಿಂದಲೇ ಬೀಗ ಹಾಕಿರುವುದರಿಂದ ಅಲ್ಲಿಗೂ ಪ್ರವೇಶ ಸಿಗದಿರಬಹುದು. ಆಗ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, ಲಿನಕ್ಸ್ ಸಾಲಿನ ಕೊನೆಗೆ 'ಇನಿಟ್=/ಬಿನ್/ಬ್ಯಾಶ್' ಸೇರಿಸಿ ಬೂಟ್ ಮಾಡಬೇಕು; ರೂಟನ್ನು ಬರೆಯಲು ಬರುವಂತೆ ಮತ್ತೆ ಮೌಂಟ್ ಮಾಡಿ ಎಫ್‌ಎಸ್‌ಟ್ಯಾಬ್‌ನ ಆ ಸಾಲಿಗೆ 'ನೋಫೇಲ್' ಹಾಕಬೇಕು. ಐದು ನಿಮಿಷದ ಕೆಲಸ.

ಇದಕ್ಕೂ ಮೊದಲು ಮಾಡಬೇಕಾದದ್ದು ಗ್ರಬ್‌ನ ಅದೇ ಲಿನಕ್ಸ್ ಸಾಲಿನಿಂದ 'ಕ್ವಯಟ್ ಸ್ಪ್ಲ್ಯಾಶ್' ತೆಗೆಯುವುದು. ಅಂದದ ಲೋಗೊ ಹಿಂದೆ ಸಂದೇಶಗಳನ್ನು ಮುಚ್ಚಿಟ್ಟದ್ದು ಈ ಕ್ಷೇತ್ರಕ್ಕೆ ಆದ ದೊಡ್ಡ ನಷ್ಟ ಎಂದೇ ನನ್ನ ಎಣಿಕೆ. ಅದು ಸರಿದರೆ ಕಾರಣ ಬರಿಗಣ್ಣಿಗೆ ಕಾಣುತ್ತದೆ: ತುಂಬಿದ ರೂಟ್ ಪಾರ್ಟಿಷನ್, ಹೊಸ ಕರ್ನಲ್‌ಗೆ ಹೊಂದದ ಎನ್‌ವಿಡಿಯಾ ಡ್ರೈವರ್. ಎರಡನೆಯದರಲ್ಲಿ ಎಷ್ಟೋ ಸಲ ಕೆಟ್ಟಿರುವುದು ಚಿತ್ರಾತ್ಮಕ ಲಾಗಿನ್ ಮಾತ್ರ; ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಅಕ್ಷರರೂಪದ ಲಾಗಿನ್ ಸಿಗುತ್ತದೆ. ಅಲ್ಲಿಂದ 'ಜರ್ನಲ್‌ಸಿಟಿಎಲ್ -ಬಿ' ಓದಬಹುದು.

ಇದನ್ನೆಲ್ಲ ಓದುವ ರೂಢಿ ಮರಳಬೇಕಾದರೆ ಮೈಸೂರು ರಸ್ತೆಯ ಕಾಲೇಜುಗಳ ಲ್ಯಾಬ್‌ಗಳಲ್ಲಿ ಶೆಲ್ ಪ್ರೋಗ್ರಾಮಿಂಗ್ ಜೊತೆಗೆ, ಬೇಕೆಂದೇ ಎಫ್‌ಎಸ್‌ಟ್ಯಾಬ್ ಕೆಡಿಸಿದ ವರ್ಚುವಲ್ ಮಷೀನ್ ಒಂದನ್ನು ವಿದ್ಯಾರ್ಥಿಗಳ ಮುಂದಿಡಬೇಕು. ಅದಕ್ಕೆ ಖರ್ಚಿಲ್ಲ, ಒಂದು ಮಧ್ಯಾಹ್ನ ಸಾಕು.