ಗೆರೆ, ಬಣ್ಣ, ಶಾಖ: ಗದಗ ಸೀಮೆಯ ಕಾಲೇಜುಗಳಿಗೆ ಭೌತ ರಸಾಯನಶಾಸ್ತ್ರ ಬಂದ ದಾರಿ

1868ರ ಆಗಸ್ಟ್ 18ರಂದು ಜಮಖಂಡಿಯಲ್ಲಿ ಖಗ್ರಾಸ ಸೂರ್ಯಗ್ರಹಣ. ಅದಕ್ಕೆಂದೇ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಲಂಡನ್ನಿನ ರಾಯಲ್ ಸೊಸೈಟಿಯ ಸ್ಪೆಕ್ಟ್ರೋಸ್ಕೋಪ್ ಹೂಡಿಕೊಂಡು ಅಲ್ಲಿ ಕಾದಿದ್ದ. ಶ್ರಾವಣದ ಮೋಡ ಕಾಡಿಸಿತು. ಆದರೂ ಸಿಕ್ಕ ಸ್ವಲ್ಪ ಹೊತ್ತಿನಲ್ಲೇ ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಗಳ ಬೆಳಕು ಬಿಡಿಬಿಡಿಯಾದ ಹೊಳೆಯುವ ಗೆರೆಗಳಾಗಿ ಅವನ ಕಣ್ಣಿಗೆ ಬಿತ್ತು. ಗೆರೆ ಕಂಡಿತೆಂದರೆ ಅಲ್ಲಿರುವುದು ಬಿಸಿ ಅನಿಲ. ಬುನ್ಸೆನ್ ಮತ್ತು ಕಿರ್ಚಾಫ್ ಈ ಸೂತ್ರವನ್ನು ಹಾಕಿಕೊಟ್ಟು ಆಗಿನ್ನೂ ಹತ್ತು ವರ್ಷವೂ ತುಂಬಿರಲಿಲ್ಲ. ಅದೇ ದಿನ ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಹೆಸರು ಪಠ್ಯಪುಸ್ತಕಕ್ಕೆ ಸೇರಿತು. ಜಮಖಂಡಿಯ ಹೆಸರನ್ನು ನಮ್ಮ ತರಗತಿಗಳಲ್ಲಿ ಯಾರೂ ಹೇಳುವುದಿಲ್ಲ. ಗದಗಿನ ವಿದ್ಯಾರ್ಥಿಗೆ ಸ್ಪೆಕ್ಟ್ರೋಸ್ಕೋಪಿ ದೂರದೇಶದ ವಿದ್ಯೆಯಾಗಿಯೇ ಪರಿಚಯವಾಗುತ್ತದೆ.

ಉಷ್ಣಗತಿಶಾಸ್ತ್ರ, ಸ್ಪೆಕ್ಟ್ರೋಸ್ಕೋಪಿ, ಕ್ವಾಂಟಂ ಸಿದ್ಧಾಂತ ಈ ಮೂರೂ ಬಿ.ಎಸ್ಸಿ. ರಸಾಯನಶಾಸ್ತ್ರದಲ್ಲಿ ಬೇರೆ ಬೇರೆ ಯೂನಿಟ್ಟುಗಳು, ಎಷ್ಟೋ ಸಲ ಬೇರೆ ಬೇರೆ ಸೆಮಿಸ್ಟರ್‌ನವು. ಪರೀಕ್ಷೆ ಮುಗಿದರೆ ಒಂದಕ್ಕೂ ಇನ್ನೊಂದಕ್ಕೂ ಮಾತುಕತೆಯಿಲ್ಲ. ಅಸಲಿಗೆ ಒಂದೇ ಪ್ರಶ್ನೆಯನ್ನು ಇವು ಮೂರು ಕಡೆಯಿಂದ ಕೇಳುತ್ತವೆ: ವಸ್ತುವಿನೊಳಗೆ ಶಕ್ತಿ ಹೇಗೆ ಕೂತಿದೆ, ಹೇಗೆ ಕೈ ಬದಲಾಯಿಸುತ್ತದೆ? ನಮ್ಮ ಸೀಮೆಗೆ ಇವು ಒಟ್ಟಿಗೆ ಬರಲಿಲ್ಲ. ಒಂದೊಂದೂ ಒಂದೊಂದು ಕಾಲದಲ್ಲಿ, ಒಂದೊಂದು ಪುಸ್ತಕದ ಬೆನ್ನೇರಿ ಬಂತು. ಇವತ್ತಿನ ಪಠ್ಯಕ್ರಮದ ಬಿರುಕು ಅಲ್ಲಿಂದಲೇ ಶುರುವಾದದ್ದೆಂದು ನಾನು ನಂಬಿದ್ದೇನೆ.

ಸ್ವಾತಂತ್ರ್ಯಕ್ಕೆ ಮುಂಚೆ ಈ ಭಾಗ ಆಡಳಿತದಲ್ಲೂ ಹಂಚಿಹೋಗಿತ್ತು. ಗದಗ-ಬೆಟಗೇರಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿ. ಕಾಲೇಜು ಓದಬೇಕೆಂದವರು ಸಾಮಾನ್ಯವಾಗಿ 1917ರಲ್ಲಿ ಶುರುವಾದ ಧಾರವಾಡದ ಕರ್ನಾಟಕ ಕಾಲೇಜಿನ ದಾರಿ ಹಿಡಿಯುತ್ತಿದ್ದರು. ಪ್ರಶ್ನೆಪತ್ರಿಕೆ ಮುಂಬೈ ವಿಶ್ವವಿದ್ಯಾಲಯದ್ದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದ ಮೇಲೆ ಚಿತ್ರ ಬದಲಾಯಿತು. ಗದಗಿನಲ್ಲಿ ಕೆ.ಎಲ್.ಇ. ಸಂಸ್ಥೆಯ ಜಗದ್ಗುರು ತೋಂಟದಾರ್ಯ ಕಾಲೇಜಿನಂಥವು ನೆಲೆನಿಂತವು. ಊರ ಹುಡುಗರು ಊರಲ್ಲೇ ಇದ್ದುಕೊಂಡು, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದವರು ಬೆಳಗಿನ ಬಸ್ಸು ಹತ್ತಿಕೊಂಡು ವಿಜ್ಞಾನದ ಪದವಿ ಓದುವಂತಾಯಿತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ವಿದ್ಯೆಯ ಮಟ್ಟಿಗೆ ಅದು ಇಂದಿಗೂ ಧಾರವಾಡದ ಕಡೆಗೇ ಮುಖಮಾಡಿದೆ.

ಮೂರರಲ್ಲಿ ಮೊದಲು ಬಂದದ್ದು ಉಷ್ಣಗತಿಶಾಸ್ತ್ರ. ಗಿಬ್ಸ್ 1870ರ ದಶಕದಲ್ಲೇ ಅದಕ್ಕೆ ಗಣಿತದ ಕಟ್ಟು ಕೊಟ್ಟಿದ್ದ. 1923ರಲ್ಲಿ ಲೂಯಿಸ್ ಮತ್ತು ರ‍್ಯಾಂಡಲ್ ಅದನ್ನು ರಸಾಯನಶಾಸ್ತ್ರಜ್ಞರ ಕೈಗೆಟಕುವಂತೆ ಬರೆದರು. 1940ರಲ್ಲಿ ಬಂದ ಸ್ಯಾಮ್ಯುಯೆಲ್ ಗ್ಲಾಸ್‌ಸ್ಟನ್‌ನ ದಪ್ಪನೆಯ ಪುಸ್ತಕ ಭಾರತದ ಕಾಲೇಜುಗಳಲ್ಲಿ ಒಂದೆರಡು ತಲೆಮಾರನ್ನೇ ಆಳಿತು. ಪ್ರಯೋಗಕ್ಕೂ ದೊಡ್ಡ ಖರ್ಚಿಲ್ಲ. ಒಂದು ಥರ್ಮಾಸ್ ಫ್ಲಾಸ್ಕ್, ಡಿಗ್ರಿಯ ಹತ್ತನೇ ಒಂದು ಭಾಗ ತೋರಿಸುವ ಥರ್ಮಾಮೀಟರ್, ಆಮ್ಲ, ಪ್ರತ್ಯಾಮ್ಲ ಇದ್ದರಾಯಿತು. ತಟಸ್ಥೀಕರಣದ ಶಾಖ ಮೋಲಿಗೆ 57 ಕಿಲೋಜೂಲ್‌ನ ಆಸುಪಾಸಿಗೆ ಬಂದರೆ ಜರ್ನಲ್‌ಗೆ ಸಹಿ ಬಿದ್ದಂತೆ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 100ಕ್ಕಲ್ಲ, ಸುಮಾರು 98 ಡಿಗ್ರಿಗೆ. ಕ್ಲಾಸಿಯಸ್-ಕ್ಲಾಪೆರಾನ್ ಸಮೀಕರಣವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹಾಗಿದ್ದೂ ಗೈಡುಗಳ ಲೆಕ್ಕದಲ್ಲಿ ಯಾವುದೋ ಹೆಸರಿಲ್ಲದ ಬೆಟ್ಟದ ಮೇಲಿನ ನೀರೇ ಕುದಿಯುತ್ತಿರುತ್ತದೆ.

ಕ್ವಾಂಟಂ ಬಾಗಿಲು ತೆರೆದದ್ದೂ ಈ ಶಾಖದ ಕಡೆಯಿಂದಲೇ. ಘನರೂಪದ ಧಾತುವಿನ ಒಂದು ಮೋಲನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 25 ಜೂಲ್ ಬೇಕೆಂಬುದು 1819ರ ಡ್ಯೂಲಾಂಗ್-ಪೆಟಿ ನಿಯಮ. ತಾಮ್ರ, ಸೀಸ ಇದಕ್ಕೆ ಒಪ್ಪುತ್ತವೆ. ವಜ್ರ ಒಪ್ಪುವುದಿಲ್ಲ, ಕೋಣೆಯ ಉಷ್ಣತೆಯಲ್ಲಿ ಅದಕ್ಕೆ ಸುಮಾರು 6 ಜೂಲ್ ಸಾಕು. ಪ್ಲಾಂಕ್ 1900ರಲ್ಲಿ ಕುಲುಮೆಯ ಬೆಳಕಿಗೆ ಹೇಳಿದ ಶಕ್ತಿಯ ಕಂತುಗಳನ್ನು ಐನ್‌ಸ್ಟೈನ್ 1907ರಲ್ಲಿ ಪರಮಾಣುಗಳ ಕಂಪನಕ್ಕೂ ಅನ್ವಯಿಸಿದ. ವಜ್ರದ ಬಂಧ ಬಿಗಿ, ಕಂಪನ ಚುರುಕು, ಆದ್ದರಿಂದ ಒಂದು ಕಂತೇ ದೊಡ್ಡದು. ಕೋಣೆಯ ಶಾಖ ಅದನ್ನು ಸಲೀಸಾಗಿ ಕೊಡಲಾರದು. ಇಷ್ಟನ್ನು ಸಾವಧಾನವಾಗಿ ಹೇಳಿದರೆ ಎರಡು ಯೂನಿಟ್ಟುಗಳ ನಡುವಿನ ಗೋಡೆ ತಾನಾಗಿ ಬೀಳುತ್ತದೆ. ಪಠ್ಯಕ್ರಮದಲ್ಲಿ ಇದಕ್ಕೆ ಸಿಕ್ಕಿರುವುದು ಬರೀ ಒಂದು ಸಾಲು. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಸ್ಪೆಕ್ಟ್ರೋಸ್ಕೋಪಿಯಲ್ಲಿ ಮಾತ್ರ ನಮ್ಮವರು ಮೊದಲ ಸಾಲಿನಲ್ಲೇ ಇದ್ದರು. ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಪರಿಣಾಮ ಅಣುವಿನ ಕಂಪನವನ್ನು ಬೆಳಕಿನ ಚದುರುವಿಕೆಯಲ್ಲಿ ಓದುವ ದಾರಿ ತೋರಿತು. 1930ರಲ್ಲಿ ಅವರಿಗೆ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಮೇಲೆ ಆ ವಿದ್ಯೆ ಕರ್ನಾಟಕದ ನೆಲದಲ್ಲೇ ಬೆಳೆಯಿತು. ಮುಂದಿನ ಹೆಜ್ಜೆ ಸಿ.ಎನ್.ಆರ್. ರಾವ್ ಅವರದು. ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ., ಪರ್ಡ್ಯೂನಲ್ಲಿ ಪಿಎಚ್.ಡಿ. ಮುಗಿಸಿ ಮರಳಿದ ಅವರು 1961ರಲ್ಲಿ ಅತಿನೇರಳೆ ಮತ್ತು ದೃಗ್ಗೋಚರ ರೋಹಿತದ ಮೇಲೆ, 1963ರಲ್ಲಿ ಅವಕೆಂಪು ರೋಹಿತದ ಮೇಲೆ ಬರೆದ ಪುಸ್ತಕಗಳು ರಸಾಯನಶಾಸ್ತ್ರಜ್ಞರಿಗೆಂದೇ ಬರೆದವು. ಗಣಿತ ಕಡಿಮೆ, ಬಳಕೆ ಹೆಚ್ಚು. ಅವಕೆಂಪು ರೋಹಿತದಲ್ಲಿ 1700 cm⁻¹ ಹತ್ತಿರ ಬಲವಾದ ಪಟ್ಟಿ ಕಂಡರೆ ಕಾರ್ಬೊನಿಲ್ ಎಂದು ಗುರುತಿಸುವ ಅಭ್ಯಾಸ ಎಂ.ಎಸ್ಸಿ. ತರಗತಿಗಳಿಗೆ ಬಂದದ್ದು ಇಂಥ ಪುಸ್ತಕಗಳಿಂದ. 1966ರಲ್ಲಿ ಬಂದ ಬ್ಯಾನ್‌ವೆಲ್ ಪುಸ್ತಕ ಅದನ್ನು ಬಿ.ಎಸ್ಸಿ. ಮಟ್ಟಕ್ಕೆ ಇಳಿಸಿತು. ಆದರೆ ಪುಸ್ತಕ ಬಂದಷ್ಟು ಸುಲಭವಾಗಿ ಯಂತ್ರ ಬರಲಿಲ್ಲ. ತಾಲೂಕಿನ ಕಾಲೇಜಿನಲ್ಲಿ ಅವಕೆಂಪು ರೋಹಿತವೆಂದರೆ ಪುಸ್ತಕದಲ್ಲಿ ಅಚ್ಚಾದ ಚಿತ್ರ. ಯಂತ್ರ ನೋಡಬೇಕಾದರೆ ಧಾರವಾಡಕ್ಕೇ ಹೋಗಬೇಕು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಬೆಳೆದ ಒಂದು ಪರಂಪರೆಯನ್ನು ಇಲ್ಲಿ ನೆನೆಯಲೇಬೇಕು. ಅದು ಕ್ರಿಯಾವೇಗದ ಅಧ್ಯಯನ. ಎಸ್.ಟಿ. ನಂದಿಬೇವೂರ ಅವರೂ ಅವರ ಶಿಷ್ಯರೂ ಪರ್ಮ್ಯಾಂಗನೇಟ್‌ನಂಥ ಉತ್ಕರ್ಷಣಕಾರಿಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ವಿಧಾನ ಸರಳ. ಪರ್ಮ್ಯಾಂಗನೇಟ್‌ನ ನೇರಳೆ ಬಣ್ಣ 526 ನ್ಯಾನೊಮೀಟರ್ ಸುತ್ತ ಬೆಳಕನ್ನು ಹೀರುತ್ತದೆ, ಕ್ರಿಯೆ ಸಾಗಿದಂತೆ ಆ ಹೀರಿಕೆ ಇಳಿಯುತ್ತದೆ. ಇಳಿತದ ವೇಗವನ್ನು ನಾಲ್ಕೈದು ಉಷ್ಣತೆಗಳಲ್ಲಿ ಅಳೆದು, ಐರಿಂಗ್ 1935ರಲ್ಲಿ ಕೊಟ್ಟ ಸಮೀಕರಣಕ್ಕೆ ಹಾಕಿದರೆ ಕ್ರಿಯೆ ದಾಟಬೇಕಾದ ದಿಬ್ಬದ ಎಂಥಾಲ್ಪಿಯೂ ಎಂಟ್ರೊಪಿಯೂ ಸಿಗುತ್ತವೆ. ಬಣ್ಣ ನೋಡಿ ಎಂಟ್ರೊಪಿ ಹೇಳುವ ಈ ಕೆಲಸಕ್ಕೆ ದುಬಾರಿ ಉಪಕರಣ ಬೇಡ. ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲೇ ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಿಸಬಹುದು.

ಇನ್ನು ಗದಗಿನದೇ ಒಂದು ದಿನ: 1980ರ ಫೆಬ್ರವರಿ 16. ಖಗ್ರಾಸ ಗ್ರಹಣದ ನೆರಳು ಕರಾವಳಿಯಿಂದ ಹುಬ್ಬಳ್ಳಿ, ಗದಗ, ರಾಯಚೂರಿನ ಕಡೆಗೆ ಸಾಗಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ತಂಡ ಗದಗಿನಲ್ಲಿ ಬೀಡುಬಿಟ್ಟು, ಸೂರ್ಯನ ಪ್ರಭಾವಲಯದ ಹಸಿರು ಗೆರೆಯನ್ನು ಫ್ಯಾಬ್ರಿ-ಪೆರೊ ಉಪಕರಣದಿಂದ ಸೆರೆಹಿಡಿಯಿತು. ತರಂಗಾಂತರ 530.3 ನ್ಯಾನೊಮೀಟರ್. ಆ ಗೆರೆ 1869ರ ಗ್ರಹಣದಿಂದಲೂ ವಿಜ್ಞಾನಿಗಳ ತಲೆ ತಿಂದಿತ್ತು. ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದದ ಕಾರಣ ಕೊರೋನಿಯಂ ಎಂಬ ಹೊಸ ಧಾತುವನ್ನೇ ಕಲ್ಪಿಸಿಕೊಂಡಿದ್ದರು. ಗಂಟು ಬಿಚ್ಚಿದ್ದು 1940ರ ಸುಮಾರಿಗೆ, ಸ್ವೀಡನ್ನಿನ ಎಡ್ಲೆನ್ ಕೈಯಲ್ಲಿ. ಅದು 13 ಎಲೆಕ್ಟ್ರಾನು ಕಳೆದುಕೊಂಡ ನಮ್ಮ ಕಬ್ಬಿಣವೇ ಆಗಿತ್ತು! ಗೆರೆಯ ಜಾಗವನ್ನು ವಿವರಿಸಿದ್ದು ಕ್ವಾಂಟಂ ಸಿದ್ಧಾಂತ. ಅಷ್ಟು ಎಲೆಕ್ಟ್ರಾನು ಕಿತ್ತುಹಾಕಲು ಹತ್ತು ಲಕ್ಷ ಡಿಗ್ರಿಗೂ ಮಿಗಿಲಾದ ಉಷ್ಣತೆ ಬೇಕು. ಗೆರೆಯ ಅಗಲವೂ ಅದನ್ನೇ ಹೇಳುತ್ತದೆ. ಅಯಾನುಗಳು ನಮ್ಮತ್ತ ಬಂದಾಗ ಗೆರೆ ನೀಲಿಯ ಕಡೆಗೂ ದೂರ ಸರಿದಾಗ ಕೆಂಪಿನ ಕಡೆಗೂ ಜರುಗುವುದರಿಂದ, ಬಿಸಿ ಹೆಚ್ಚಿದಷ್ಟೂ ಗೆರೆ ಅಗಲವಾಗುತ್ತದೆ. ಗದಗಿನಲ್ಲಿ ಅಳೆದದ್ದು ಆ ಅಗಲವನ್ನೇ. ಮೂರೂ ಯೂನಿಟ್ಟುಗಳು ಎರಡೂವರೆ ನಿಮಿಷದ ಕತ್ತಲಲ್ಲಿ ಗದಗಿನ ನೆತ್ತಿಯ ಮೇಲೆ ಕೂಡಿದ್ದವು. ಗದಗಿನ ರಸಾಯನಶಾಸ್ತ್ರ ವಿದ್ಯಾರ್ಥಿ ತಿಳಿದಿರಲೇಬೇಕಾದ ಕಥೆ ಇದು.

ಕ್ವಾಂಟಂ ಸಿದ್ಧಾಂತ ಬಿ.ಎಸ್ಸಿ.ಗೆ ಬಂದದ್ದು ತಡವಾಗಿ. ಶ್ರೋಡಿಂಗರ್ ಸಮೀಕರಣ 1926ರದು, ಮರುವರ್ಷವೇ ಹೈಟ್ಲರ್ ಮತ್ತು ಲಂಡನ್ ಜಲಜನಕದ ಅಣುವಿಗೆ ಅದನ್ನು ಹಾಕಿ ನೋಡಿದರು. ನಮ್ಮಲ್ಲಿ ಬಹುಕಾಲ ಅದು ಎಂ.ಎಸ್ಸಿ.ಯ ವಿಷಯ. ಯುಜಿಸಿಯ 2001ರ ಮಾದರಿ ಪಠ್ಯಕ್ರಮದಲ್ಲಿ ಮೂರನೇ ವರ್ಷದ ಬಿ.ಎಸ್ಸಿ.ಗೆ ಕಪ್ಪುಕಾಯದ ವಿಕಿರಣದಿಂದ ಹಿಡಿದು ಪೆಟ್ಟಿಗೆಯೊಳಗಿನ ಕಣದವರೆಗೆ ಎಲ್ಲವೂ ಸೇರಿತು. ಅಲ್ಲಿಂದ ಈಚೆಗೆ ಪೆಟ್ಟಿಗೆಯ ಕಣ ಖಾಯಂ ಹತ್ತು ಮಾರ್ಕಿನ ಪ್ರಶ್ನೆ. ಉತ್ತರ ಬಾಯಿಪಾಠ. ಪೆಟ್ಟಿಗೆ ಎಲ್ಲಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಪೆಟ್ಟಿಗೆ ಮೆಣಸಿನಕಾಯಿಯಲ್ಲಿದೆ. ಶಿರಹಟ್ಟಿ, ಲಕ್ಷ್ಮೇಶ್ವರದ ಎರೆಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ತಳಿ ಕಡ್ಡಿಯಾಗಲಿ ಡಬ್ಬಿಯಾಗಲಿ, ವ್ಯಾಪಾರಿ ಕಣ್ಣಳತೆಯಲ್ಲಿ ಹೇಳುವುದನ್ನು ಲ್ಯಾಬಿನವರು ಅಂಕಿಯಲ್ಲಿ ಹೇಳುತ್ತಾರೆ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ತಿಳಿಯನ್ನು ಸ್ಪೆಕ್ಟ್ರೋಫೋಟೋಮೀಟರಿಗೆ ಇಟ್ಟು, 460 ನ್ಯಾನೊಮೀಟರ್‌ನಲ್ಲಿ ಹೀರಿಕೆ ನೋಡುತ್ತಾರೆ. ಅದನ್ನು 16.4ರಿಂದ ಗುಣಿಸಿ ಪುಡಿಯ ತೂಕದಿಂದ ಭಾಗಿಸಿದರೆ ಆಸ್ಟಾ ಬಣ್ಣದ ಅಂಕ. 0.1 ಗ್ರಾಂ ಪುಡಿಗೆ ಹೀರಿಕೆ 0.7 ಬಂದರೆ ಅಂಕ ಸುಮಾರು 115. ಬಿಯರ್-ಲ್ಯಾಂಬರ್ಟ್ ನಿಯಮ ಇಲ್ಲಿ ರೈತನ ಕ್ವಿಂಟಲಿನ ದರಕ್ಕೇ ತಾಗುತ್ತದೆ.

ಬಣ್ಣ ಕೊಡುವುದು ಕ್ಯಾಪ್ಸಾಂಥಿನ್ ಮತ್ತು ಅದರ ಬಳಗದ ಕ್ಯಾರೊಟಿನಾಯ್ಡ್‌ಗಳು. ಬೀಟಾ ಕ್ಯಾರೊಟಿನ್ ಲೆಕ್ಕ ಹಿಡಿಯೋಣ. ಸರಪಳಿಯಲ್ಲಿ 11 ದ್ವಿಬಂಧ, 22 ಪೈ ಎಲೆಕ್ಟ್ರಾನು. ಸರಪಳಿಯುದ್ದ ಸುಮಾರು 2.94 ನ್ಯಾನೊಮೀಟರ್, ಅದೇ ಪೆಟ್ಟಿಗೆ. ಕೆಳಗಿನ 11 ಮಟ್ಟ ಭರ್ತಿ, 11ರಿಂದ 12ಕ್ಕೆ ನೆಗೆಯಲು ಬೇಕಾದ ಬೆಳಕಿನ ತರಂಗಾಂತರ ಲೆಕ್ಕದಲ್ಲಿ ಸುಮಾರು 1240 ನ್ಯಾನೊಮೀಟರ್ ಬರುತ್ತದೆ. ಅದು ಕಣ್ಣಿಗೆ ಕಾಣದ ಅವಕೆಂಪು. ನಿಜವಾಗಿ ಹೀರುವುದು 450ರ ಸುತ್ತಿನ ನೀಲಿ. ಲೆಕ್ಕ ತಪ್ಪಿತು, ಪಾಠ ಇಲ್ಲಿಂದಲೇ ಶುರುವಾಗಬೇಕು. ಸರಪಳಿಯ ಬಂಧಗಳೆಲ್ಲ ಸಮವಲ್ಲ. ಒಂದು ಗಿಡ್ಡ, ಒಂದು ಉದ್ದ, ಹೀಗೆ ಸರದಿಯಲ್ಲಿ ಬರುವುದರಿಂದ ಪೆಟ್ಟಿಗೆಯ ತಳ ಸಪಾಟಲ್ಲ. ಆ ಏರಿಳಿತವನ್ನು ಸೇರಿಸಿದರೆ ಮಟ್ಟಗಳ ಅಂತರ ಹಿಗ್ಗುತ್ತದೆ ಎಂದು ಹಾನ್ಸ್ ಕುನ್ 1940ರ ದಶಕದ ಕೊನೆಗೆ ತೋರಿಸಿದ. ಸಯನಿನ್ ಎಂಬ ಬಣ್ಣಗಳಲ್ಲಿ ಬಂಧಗಳು ಹೆಚ್ಚುಕಡಿಮೆ ಸಮ, ಅಲ್ಲಿ ಸರಳ ಲೆಕ್ಕವೇ ಸಾಕಷ್ಟು ಹತ್ತಿರ ಬರುತ್ತದೆ. ಬೆಟಗೇರಿಯ ಮಗ್ಗದ ಮನೆಗಳ ನೂಲಿನ ಬಣ್ಣವೂ ಇಂಥ ಪೈ ಎಲೆಕ್ಟ್ರಾನುಗಳದೇ ಕೆಲಸ. ನೇಕಾರರ ಮನೆಯ ಮಗಳು ತರಗತಿಯಲ್ಲಿ ಕೂತಿದ್ದಾಗ ಇದನ್ನು ಹೇಳದೆ ಬಿಡುವುದು ಅನ್ಯಾಯ.

ಕನ್ನಡದಲ್ಲಿ ಈ ವಿಷಯ ಬರೆದವರು ಇರಲಿಲ್ಲವೆಂದಲ್ಲ. ಸ್ವತಃ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ ಬರೆದರು. ಆದರೆ ಅದು ಸಾಮಾನ್ಯ ಓದುಗರಿಗೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದವರು ಎಂಟ್ರೊಪಿಯನ್ನು ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಿಸುತ್ತಾರೆ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, ಬಾಯಲ್ಲಿ ಧಾರವಾಡ ಕನ್ನಡದಲ್ಲಿ ಬಿಡಿಸಿ ಹೇಳುವ ಮೇಷ್ಟ್ರು ಮಾಡುವ ಕೆಲಸ ದೊಡ್ಡದು. ಪಠ್ಯಕ್ರಮವೂ ನಿಂತ ನೆಲವಲ್ಲ: 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, 2024ರಲ್ಲಿ ಮತ್ತೆ ಮೂರು ವರ್ಷದ ಪದವಿ. ಯೂನಿಟ್ಟುಗಳು ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಓಡಾಡಿದವು, ಒಂದಕ್ಕೊಂದು ಹತ್ತಿರವಾಗಲಿಲ್ಲ.

ಹತ್ತಿರ ತರುವ ಕೆಲಸ ಪ್ರಾಜೆಕ್ಟಿನಿಂದ ಆದೀತು. ಮುಂಡರಗಿ ತಾಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದ ಕಡೆ 1.5ರವರೆಗೆ. ಅದು ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಫ್ಲೋರೈಡ್ ಅದರ ಜೊತೆಗೂಡಿ ತಳಕ್ಕೆ ಕೂರುತ್ತದೆ. ಸೋಡಿಯಂ, ಬೈಕಾರ್ಬನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಕರಗಿಯೇ ಇರುತ್ತದೆ. ಇದು ವಿಲೇಯತಾ ಗುಣಲಬ್ಧದ ಪಾಠ. ಅಳೆಯಲು ಎರಡು ದಾರಿ. ಜಿರ್ಕೋನಿಯಂ ಬೆರೆಸಿದ ಸ್ಪ್ಯಾಡ್ನ್ಸ್ ಬಣ್ಣವನ್ನು ಫ್ಲೋರೈಡ್ ತಿಳಿಮಾಡುತ್ತದೆ, ಎಷ್ಟು ತಿಳಿಯಾಯಿತೆಂದು 570 ನ್ಯಾನೊಮೀಟರ್‌ನಲ್ಲಿ ನೋಡಬಹುದು. ಇಲ್ಲವೇ ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡು, ಅದು 1966ರಿಂದ ಬಳಕೆಯಲ್ಲಿದೆ. 25 ಡಿಗ್ರಿಯಲ್ಲಿ ಫ್ಲೋರೈಡ್ ಹತ್ತುಪಟ್ಟಾದರೆ ವಿಭವ 59 ಮಿಲಿವೋಲ್ಟ್ ಬದಲಾಗುತ್ತದೆ, ನರ್ನ್‌ಸ್ಟ್ ಹೇಳಿದಂತೆ. ಒಂದೇ ನೀರನ್ನು ಎರಡೂ ವಿಧಾನದಲ್ಲಿ ನೋಡಿದರೆ ಉತ್ತರ ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ ಎಂಬುದೇ ಒಂದು ಜರ್ನಲ್ ತುಂಬುತ್ತದೆ.

ಈಗ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕೊಡ ತುಂಬಿಸುವ ಆರ್.ಓ. ಘಟಕಗಳಿವೆ. ಲೀಟರಿಗೆ ಒಂದು ಗ್ರಾಂ ಉಪ್ಪಿರುವ ನೀರಿನ ಆಸ್ಮಾಟಿಕ್ ಒತ್ತಡ ವಾಂಟ್ ಹಾಫ್ ಲೆಕ್ಕದಂತೆ ಸುಮಾರು 0.8 ಅಟ್ಮಾಸ್ಫಿಯರ್. ಪಂಪು ಅದಕ್ಕಿಂತ ಹಲವು ಪಟ್ಟು ತಳ್ಳುತ್ತದೆ, ತಳ್ಳಿದ ನೀರಿನ ಒಂದು ದೊಡ್ಡ ಪಾಲು ಹಿಂದಿನ ಪೈಪಿನಿಂದ ಹೊರಗೆ ಹೋಗುತ್ತದೆ. ಕೊಡಕ್ಕೆ ಬಾರದ ಫ್ಲೋರೈಡ್ ಆ ನೀರಿನಲ್ಲಿ ಗಟ್ಟಿಯಾಗಿ ಸೇರಿರುತ್ತದೆ. ಕೊನೆಯ ಸೆಮಿಸ್ಟರಿನ ನಾಲ್ಕು ಮಂದಿ ಬೇಸಿಗೆಯಲ್ಲೊಮ್ಮೆ, ಮಳೆ ಬಿದ್ದ ಮೇಲೊಮ್ಮೆ ಬೋರ್‌ವೆಲ್ ನೀರು, ಕೊಡದ ನೀರು, ಪೈಪಿನ ನೀರು ಮೂರನ್ನೂ ತಂದು ಅಳೆಯಲಿ. ಪೈಪಿನ ನೀರು ಇಳಿಯುವ ಹಳ್ಳದ ಪಕ್ಕದ ಬಾವಿಯದನ್ನೂ ಒಂದು ಬಾಟಲಿ ತರಲಿ.